ವಯಸ್ಸಾಯ್ತು ಎಂಬುದು ರೋಗದ ಹೆಸರಲ್ಲ

ಎಡ ಮಂಡಿ ನೋಯುತ್ತದೆಂದು ಹೋದ ಅಜ್ಜನಿಗೆ ಡಾಕ್ಟರು ‘ವಯಸ್ಸಾಯ್ತಲ್ಲ ಯಜಮಾನರೇ, ಹಾಗೇ ಅದು’ ಎಂದರಂತೆ. ‘ಬಲ ಮಂಡಿಗೂ ಅಷ್ಟೇ ವಯಸ್ಸು ಸ್ವಾಮಿ, ಅದು ನೋಯುತ್ತಿಲ್ಲವಲ್ಲ’ ಎಂದನಂತೆ ಅಜ್ಜ. ಹಳೆಯ ನಗೆಹನಿ. ಆದರೆ ವೃದ್ಧರ ವೈದ್ಯಕೀಯದ ನೂರು ವರ್ಷಗಳ ಇತಿಹಾಸವೆಲ್ಲ ಅಜ್ಜನ ಆ ಪ್ರಶ್ನೆಯ ಸುತ್ತಲೇ ನಡೆದಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಈ ಶಾಖೆಗೆ ‘ಜೆರಿಯಾಟ್ರಿಕ್ಸ್’ ಎಂದು ಹೆಸರಿಟ್ಟವರು ವಿಯೆನ್ನಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ವೈದ್ಯರಾದ ಇಗ್ನಾಟ್ಸ್ ನಾಷರ್. ಅವರಿನ್ನೂ ವಿದ್ಯಾರ್ಥಿಯಾಗಿದ್ದಾಗ ಅನಾಥಾಶ್ರಮವೊಂದರಲ್ಲಿ ಮುದುಕಿಯೊಬ್ಬಳು ತನ್ನ ನೋವು ಹೇಳಿಕೊಂಡಳು. ಜೊತೆಯಲ್ಲಿದ್ದ ವೈದ್ಯರು, ಆಕೆಗಿರುವುದು ಮುಪ್ಪು, ಅದಕ್ಕೆ ಮಾಡುವಂಥದ್ದೇನೂ ಇಲ್ಲ ಎಂದು ಮುಂದೆ ನಡೆದುಬಿಟ್ಟರಂತೆ. ಮಕ್ಕಳ ರೋಗಗಳಿಗೆ ಪ್ರತ್ಯೇಕ ಶಾಸ್ತ್ರವಿರುವಾಗ ಮುದುಕರಿಗೇಕೆ ಇರಬಾರದು ಎಂಬ ಪ್ರಶ್ನೆ ನಾಷರ್ ಅವರನ್ನು ಬಿಡಲಿಲ್ಲ. 1909ರಲ್ಲಿ ಅವರು ಹೊಸ ಪದವನ್ನು ಬಳಕೆಗೆ ತಂದರು, 1914ರಲ್ಲಿ ಪುಸ್ತಕ ಬರೆದರು. ಹೆಸರೇನೋ ಹುಟ್ಟಿತು. ಆದರೆ ಅದನ್ನು ಕೆಲಸವಾಗಿ ಮಾಡಿ ತೋರಿಸುವವರು ಬರಲು ಇನ್ನೂ ಎರಡು ದಶಕ ಬೇಕಾಯಿತು.

ಬಂದವರು ಮಾರ್ಜರಿ ವಾರೆನ್. ಲಂಡನ್ನಿನ ಪಶ್ಚಿಮಕ್ಕಿರುವ ಐಲ್‌ವರ್ತ್‌ನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಅವರು ವೈದ್ಯೆ. ಇಂಗ್ಲೆಂಡಿನಲ್ಲಿ 1834ರ ಬಡವರ ಕಾನೂನಿನ ಪ್ರಕಾರ ದಿಕ್ಕಿಲ್ಲದವರನ್ನು ‘ವರ್ಕ್‌ಹೌಸ್’ ಎಂಬ ದುಡಿಮೆಮನೆಗಳಿಗೆ ಸೇರಿಸುತ್ತಿದ್ದರು. ಅಲ್ಲಿಗೆ ಹೋಗುವುದೆಂದರೆ ಮಾನ ಹೋದಂತೆ. ದುಡಿಯಲಾಗದ ಮುದುಕರು ಅಲ್ಲಿನ ರೋಗಿಗಳ ವಿಭಾಗದಲ್ಲಿ ಮಲಗಿ ಸಾವಿನ ದಾರಿ ಕಾಯುತ್ತಿದ್ದರು. 1935ರಲ್ಲಿ ಪಕ್ಕದ ದುಡಿಮೆಮನೆಯ ರೋಗಿಗಳ ವಿಭಾಗ ವಾರೆನ್ ಅವರ ಆಸ್ಪತ್ರೆಯ ಆಡಳಿತಕ್ಕೆ ಬಂತು. 714 ಮಂದಿಯ ಹೊಣೆ ಅವರ ಮೇಲೆ ಬಿತ್ತು.

ವಾರೆನ್ ಮಾಡಿದ ಮೊದಲ ಕೆಲಸ ಬಹಳ ಸರಳ. ಪ್ರತಿಯೊಬ್ಬರನ್ನೂ ಪರೀಕ್ಷಿಸಿದರು. ಎದ್ದು ಓಡಾಡಬಲ್ಲವರು ಯಾರು, ಹಾಸಿಗೆ ಹಿಡಿದಿದ್ದರೂ ಮಲಮೂತ್ರದ ಮೇಲೆ ಹಿಡಿತವಿರುವವರು ಯಾರು, ಹಿಡಿತ ತಪ್ಪಿದವರು ಯಾರು, ಮರೆವಿನಿಂದ ದಿಕ್ಕುತಪ್ಪಿದವರು ಯಾರು ಎಂದು ವಿಂಗಡಿಸಿದರು. ಹೀಗೆ ನೋಡಿದಾಗ ‘ಗುಣವಾಗದವರು’ ಎಂಬ ಒಂದೇ ಚೀಟಿಯ ಕೆಳಗೆ ಹತ್ತಾರು ಬಗೆಯ ಜನ ಮಲಗಿರುವುದು ಕಂಡಿತು. ಲಕ್ವ ಹೊಡೆದ ಮೇಲೆ ಯಾರೂ ನಡೆಸಲು ಪ್ರಯತ್ನಿಸದೇ ಇದ್ದವರು, ಮೂಳೆ ಕೂಡಿಕೊಂಡಿದ್ದರೂ ಏಳಿಸದೇ ಬಿಟ್ಟವರು, ಬರೀ ಮಲಗಿ ಮಲಗಿಯೇ ಕೀಲು ಹಿಡಿದುಹೋದವರು ಎಲ್ಲರೂ ಅಲ್ಲಿದ್ದರು. ಮಲಗಿಯೇ ಇದ್ದರೆ ಸ್ನಾಯು ಕರಗುತ್ತದೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ವಿಶ್ರಾಂತಿಯೇ ಔಷಧಿ ಎಂದು ವೈದ್ಯಲೋಕ ನಂಬಿದ್ದ ಕಾಲ ಅದು. ರಿಚರ್ಡ್ ಆಶರ್ ಎಂಬ ವೈದ್ಯರು ಹಾಸಿಗೆಯ ಅಪಾಯಗಳ ಬಗ್ಗೆ ಪ್ರಸಿದ್ಧ ಲೇಖನ ಬರೆದದ್ದು 1947ರಲ್ಲಿ. ವಾರೆನ್ ಅದಕ್ಕೆ ಹನ್ನೆರಡು ವರ್ಷ ಮೊದಲೇ ರೋಗಿಗಳನ್ನು ಎಬ್ಬಿಸಿ ಕೂರಿಸುವ ಕೆಲಸ ಶುರುಮಾಡಿದ್ದರು. ವಾರ್ಡುಗಳ ಬೆಳಕು, ಬಣ್ಣ ಬದಲಾಯಿತು. ಹಿಡಿದು ನಡೆಯಲು ಆಸರೆಗಳು ಬಂದವು. ಅನೇಕರು ಮನೆಗೆ ಹೋದರು. 714 ಹಾಸಿಗೆಗಳು ಕ್ರಮೇಣ 240ಕ್ಕೆ ಇಳಿದವು.

ಈ ಅನುಭವವನ್ನು ವಾರೆನ್ 1943 ಮತ್ತು 1946ರಲ್ಲಿ ವೈದ್ಯಪತ್ರಿಕೆಗಳಲ್ಲಿ ಬರೆದರು. ಮುದುಕರನ್ನು ಪರೀಕ್ಷಿಸದೆ ದೀರ್ಘಕಾಲದ ವಾರ್ಡಿಗೆ ಹಾಕಬಾರದು ಎಂಬುದು ಅವರ ವಾದದ ತಿರುಳು. ಇಂದು ‘ಸಮಗ್ರ ವೃದ್ಧಾಪ್ಯ ತಪಾಸಣೆ’ ಎಂದು ಕರೆಯುವುದರ ಬೇರು ಇರುವುದು ಇಲ್ಲಿಯೇ. ರೋಗದ ಜೊತೆಗೆ ನಡಿಗೆ, ಮನಸ್ಸು, ಮನೆ, ನೋಡಿಕೊಳ್ಳುವವರು ಎಲ್ಲವನ್ನೂ ಒಟ್ಟಿಗೆ ನೋಡುವ ಕ್ರಮ ಅದು.

ಆದರೆ ಇದೆಲ್ಲ ಆಸ್ಪತ್ರೆಗೆ ಬಂದು ಬಿದ್ದವರ ಕಥೆ. ಬೀಳುವ ಮೊದಲು ಅವರು ಎಲ್ಲಿದ್ದರು? ಮನೆಯಲ್ಲಿದ್ದರು, ಪಕ್ಕದ ಬೀದಿಯಲ್ಲಿ ಕುಟುಂಬ ವೈದ್ಯರೂ ಇದ್ದರು. 1948ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಮೇಲಂತೂ ವೈದ್ಯರಿಗೆ ಕಾಸು ಕೊಡುವ ಚಿಂತೆಯೂ ಇರಲಿಲ್ಲ. ಕಾಯಿಲೆ ಬಂದವರು ತಾವಾಗಿಯೇ ಬಂದು ಹೇಳುತ್ತಾರೆ ಎಂಬುದು ಆ ವ್ಯವಸ್ಥೆಯ ಬುನಾದಿ.

ಈ ನಂಬಿಕೆಯನ್ನು ಅನುಮಾನಿಸಿದವರು ಸ್ಕಾಟ್ಲೆಂಡಿನವರು. ಗ್ಲಾಸ್ಗೋ ಬಳಿಯ ರದರ್‌ಗ್ಲೆನ್‌ನಲ್ಲಿ 1952ರಲ್ಲಿ ಫರ್ಗ್ಯುಸನ್ ಆಂಡರ್ಸನ್ ಮತ್ತು ನೈರ್ನ್ ಕೋವನ್ ಎಂಬ ವೈದ್ಯರು 55 ದಾಟಿದವರಿಗಾಗಿ ಆರೋಗ್ಯ ತಪಾಸಣಾ ಕೇಂದ್ರ ತೆರೆದರು. ಆಂಡರ್ಸನ್ 1965ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರದ ಪ್ರಾಧ್ಯಾಪಕರಾದರು. ಇಂಥ ಪೀಠ ಜಗತ್ತಿನಲ್ಲೇ ಅದು ಮೊದಲನೆಯದು.

ನಿಜವಾದ ಆಘಾತ ಕೊಟ್ಟದ್ದು ಮಾತ್ರ ಎಡಿನ್‌ಬರೋ ಕಡೆಯ ಒಂದು ಅಧ್ಯಯನ. ಜೇಮ್ಸ್ ವಿಲಿಯಮ್ಸನ್ ಮತ್ತು ಸಂಗಡಿಗರು ಮೂರು ಕುಟುಂಬ ವೈದ್ಯ ಕೇಂದ್ರಗಳ ಪಟ್ಟಿಯಿಂದ 65 ದಾಟಿದ 200 ಮಂದಿಯನ್ನು ಆರಿಸಿ ಪೂರ್ತಿ ಪರೀಕ್ಷಿಸಿದರು. ಫಲಿತಾಂಶ 1964ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಸರಾಸರಿ ಒಬ್ಬೊಬ್ಬರಿಗೂ ಮೂರಕ್ಕಿಂತ ಹೆಚ್ಚು ತೊಂದರೆಗಳಿದ್ದವು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅವರವರ ವೈದ್ಯರಿಗೆ ಗೊತ್ತೇ ಇರಲಿಲ್ಲ. ಯಾವುದು ಗೊತ್ತಿತ್ತು, ಯಾವುದು ಗೊತ್ತಿರಲಿಲ್ಲ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಹೃದಯ, ಶ್ವಾಸಕೋಶದ ರೋಗಗಳು ವೈದ್ಯರಿಗೆ ಬಹುಮಟ್ಟಿಗೆ ತಿಳಿದಿದ್ದವು. ತಿಳಿಯದೇ ಉಳಿದವು ಪಾದದ ತೊಂದರೆ, ಕೀಲುಬೇನೆ, ಮೂತ್ರ ತಡೆಯಲಾಗದಿರುವುದು, ಮರೆವು, ಖಿನ್ನತೆ. ಅಂದರೆ ಜೀವಕ್ಕೆ ಹೆದರಿಕೆ ಹುಟ್ಟಿಸುವುದನ್ನು ಮುದುಕರು ಹೇಳಿದ್ದರು. ದಿನವನ್ನು ಹಾಳುಮಾಡುವುದನ್ನು ಹೇಳಿರಲಿಲ್ಲ.

ಏಕೆ ಹೇಳಲಿಲ್ಲ? ಮೂತ್ರದ ವಿಷಯ ಹೇಳಲು ನಾಚಿಕೆ. ಖಿನ್ನತೆಯಾದವರಿಗೆ ಹೇಳುವ ಮನಸ್ಸೇ ಇರುವುದಿಲ್ಲ. ಮರೆವಿನವರಿಗೆ ಮರೆತದ್ದು ನೆನಪಿರಬೇಕಲ್ಲ! ಇನ್ನು ಉಳಿದವರು ‘ವಯಸ್ಸಾಯ್ತು’ ಎಂದು ತಮಗೆ ತಾವೇ ರೋಗನಿದಾನ ಮಾಡಿಕೊಂಡುಬಿಟ್ಟಿದ್ದರು. ಕಾಲಿನ ಆಣಿ, ಬೆಳೆದು ಒಳಸೇರಿದ ಉಗುರು ಯಾವ ವೈದ್ಯಪುಸ್ತಕದಲ್ಲೂ ದೊಡ್ಡ ರೋಗವಲ್ಲ. ಆದರೆ ಅದರಿಂದಾಗಿ ಅಂಗಡಿಗೆ ಹೋಗುವುದು ನಿಂತರೆ ಊಟ ಕೆಡುತ್ತದೆ, ಜನರ ಮುಖ ನೋಡುವುದು ನಿಲ್ಲುತ್ತದೆ, ಒಂದು ದಿನ ಬಚ್ಚಲಲ್ಲಿ ಬೀಳುವುದಾಗುತ್ತದೆ. ಕಾಯಿಲೆ ಬಂದವರು ತಾವೇ ಬರುತ್ತಾರೆ ಎಂಬ ಬುನಾದಿ ವೃದ್ಧರ ಮಟ್ಟಿಗೆ ಸಡಿಲವಾಗಿತ್ತು. ಹೋಗಿ ಕೇಳಬೇಕಿತ್ತು.

ಏನು ಕೇಳಬೇಕು ಎಂಬುದಕ್ಕೆ ಒಂದು ಉತ್ತರ ಅಮೆರಿಕದ ಕ್ಲೀವ್‌ಲ್ಯಾಂಡ್‌ನಿಂದ ಬಂತು. ಸಿಡ್ನಿ ಕಾಟ್ಸ್ ಎಂಬ ವೈದ್ಯರು ಸೊಂಟದ ಮೂಳೆ ಮುರಿದ ವೃದ್ಧರನ್ನು ಗಮನಿಸುತ್ತಾ 1963ರಲ್ಲಿ ಆರು ಕೆಲಸಗಳ ಪಟ್ಟಿ ಮಾಡಿದರು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಪಾಯಿಖಾನೆಗೆ ಹೋಗುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಕಾಟ್ಸ್ ಕಂಡ ವಿಶೇಷವೆಂದರೆ ಚೇತರಿಸಿಕೊಳ್ಳುವಾಗ ಈ ಶಕ್ತಿಗಳು ಮರಳಿ ಬರುವುದರಲ್ಲಿ ಒಂದು ಕ್ರಮವಿದೆ, ಆ ಕ್ರಮ ಮಗು ಅವನ್ನು ಕಲಿಯುವ ಕ್ರಮವನ್ನೇ ಹೋಲುತ್ತದೆ. ತುತ್ತು ಬಾಯಿಗಿಡುವುದು ಮೊದಲು, ತಾನಾಗಿ ಸ್ನಾನ ಮಾಡುವುದು ಕೊನೆಗೆ. ಮುಪ್ಪು ಎರಡನೇ ಬಾಲ್ಯ ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅದರ ಲೆಕ್ಕಾಚಾರ ಇದು.

ಮರೆವನ್ನು ಅಳೆಯುವುದು ಇಷ್ಟು ಸುಲಭವಾಗಲಿಲ್ಲ. ಇಂಗ್ಲೆಂಡಿನ ಹಾಡ್ಕಿನ್ಸನ್ 1972ರಲ್ಲಿ ಹತ್ತು ಪ್ರಶ್ನೆಗಳ ಪರೀಕ್ಷೆ ಸಿದ್ಧಪಡಿಸಿದರು. ನಿಮ್ಮ ವಯಸ್ಸೆಷ್ಟು, ಹುಟ್ಟಿದ ದಿನ ಯಾವುದು, ಮೊದಲ ಮಹಾಯುದ್ಧ ಯಾವ ವರ್ಷ, ಸಿಂಹಾಸನದಲ್ಲಿರುವವರು ಯಾರು, ಇಪ್ಪತ್ತರಿಂದ ಹಿಂದಕ್ಕೆ ಎಣಿಸಿ. ಅಮೆರಿಕದಲ್ಲಿ ಫೋಲ್‌ಸ್ಟೀನ್ ದಂಪತಿ ಮತ್ತು ಸಹೋದ್ಯೋಗಿಯೊಬ್ಬರು 1975ರಲ್ಲಿ ಮೂವತ್ತು ಅಂಕಗಳ ಇನ್ನೊಂದು ಪರೀಕ್ಷೆ ತಂದರು. ಅದರಲ್ಲಿ ಓದಬೇಕು, ಒಂದು ವಾಕ್ಯ ಬರೆಯಬೇಕು. ಸ್ಲೇಟು ಹಿಡಿಯದ, ‘ಬರಗಾಲದ ವರ್ಷ ಹುಟ್ಟಿದ್ದು’ ಎಂದಷ್ಟೇ ಹೇಳಬಲ್ಲ ನಮ್ಮ ಹಳ್ಳಿಯ ಅಜ್ಜಿಯ ಮುಂದೆ ಇವನ್ನು ಇಟ್ಟರೆ ಆಕೆ ಅರಳು ಮರಳಿನವಳೆಂದೇ ತೀರ್ಪಾಗುತ್ತದೆ. ನೂರು ಹಸೆಯ ಹಾಡು ಬಾಯಲ್ಲಿ ಬಂದರೂ ಅಂಕ ಸಿಗದು.

ಈ ತೊಡಕನ್ನು ಬಿಡಿಸಲು ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಭಾರತ ಮತ್ತು ಅಮೆರಿಕದ ಸಂಶೋಧಕರು ಜೊತೆಗೂಡಿ ಕೆಲಸ ಮಾಡಿ 1995ರಲ್ಲಿ ಹಿಂದಿಯ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಈಗ ಬೆಳಿಗ್ಗೆಯೋ ಮಧ್ಯಾಹ್ನವೋ ಸಂಜೆಯೋ ಎಂದು ಕೇಳಿದರು. ವಾಕ್ಯ ಬರೆಯುವ ಬದಲು ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎಂದರು. ಓದಿ ಮಾಡಬೇಕಾದ್ದರ ಬದಲು, ನನ್ನ ಮುಖ ನೋಡಿ ನಾನು ಮಾಡಿದಂತೆ ಮಾಡಿ ಎಂದರು. ಅನುವಾದ ಬೇರೆ, ಆ ನೆಲಕ್ಕೆ ಒಗ್ಗುವ ಪ್ರಶ್ನೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ನಮ್ಮ ರಾಜ್ಯದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ 2018ರಲ್ಲಿ ಇಂಥದೇ ದಾರಿಯ ದೀರ್ಘ ಅಧ್ಯಯನ ಆರಂಭಿಸಿತು. 45 ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವುದು ಅದರ ಉದ್ದೇಶ.

ತಪಾಸಣೆಯಿಂದ ಪ್ರಯೋಜನವಾಗುತ್ತದೆಯೇ ಎಂಬ ಪ್ರಶ್ನೆಗೆ 1984ರಲ್ಲಿ ಎರಡು ಉತ್ತರಗಳು ಬಂದವು, ಎರಡೂ ಆಶಾದಾಯಕ. ಲಾಸ್ ಏಂಜಲೀಸ್‌ನ ಸೆಪುಲ್‌ವೇಡಾದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಲಾರೆನ್ಸ್ ರೂಬೆನ್‌ಸ್ಟೀನ್ ತಂಡ 123 ವೃದ್ಧರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಸಮಗ್ರ ತಪಾಸಣೆಯ ವಿಭಾಗಕ್ಕೆ ಹೋದವರಲ್ಲಿ ವರ್ಷದೊಳಗೆ ತೀರಿಕೊಂಡವರು ಶೇ 23.8, ಎಂದಿನ ಚಿಕಿತ್ಸೆಯವರಲ್ಲಿ ಶೇ 48.3. ಇನ್ನೊಂದು ಪ್ರಯೋಗ ಡೆನ್ಮಾರ್ಕಿನ ರೋಡೊವ್ರೆ ಎಂಬ ಪಟ್ಟಣದ್ದು. ಅಲ್ಲಿ 75 ದಾಟಿದ 285 ಮಂದಿಯ ಮನೆಗೆ ಮೂರು ತಿಂಗಳಿಗೊಮ್ಮೆ, ಮೂರು ವರ್ಷ ಕಾಲ, ಹೋಗಿ ವಿಚಾರಿಸಿದರು. ಬೇಕಾದ ನೆರವನ್ನು ಒದಗಿಸಿಕೊಟ್ಟರು. ಅವರಲ್ಲಿ 56 ಮಂದಿ ತೀರಿಕೊಂಡರೆ, ಭೇಟಿಯಿಲ್ಲದ 287 ಮಂದಿಯಲ್ಲಿ 75 ಮಂದಿ ತೀರಿಕೊಂಡರು. ಆಸ್ಪತ್ರೆ ಸೇರಿದ್ದೂ ಕಡಿಮೆ, 271ಕ್ಕೆ ಬದಲು 219 ಸಲ. 1990ರ ದಶಕದ ಕೊನೆಯ ವರ್ಷಗಳಲ್ಲಿ ಡೆನ್ಮಾರ್ಕ್ ಇಂಥ ಭೇಟಿಗಳನ್ನು ಕಾನೂನನ್ನಾಗಿಯೇ ಮಾಡಿತು.

ಬ್ರಿಟನ್ ಇನ್ನೂ ಮುಂಚೆಯೇ ಹೊರಟಿತ್ತು. 1990ರ ಏಪ್ರಿಲ್‌ನಿಂದ ಜಾರಿಗೆ ಬಂದ ಕರಾರಿನ ಪ್ರಕಾರ ಕುಟುಂಬ ವೈದ್ಯರು 75 ದಾಟಿದ ಪ್ರತಿಯೊಬ್ಬರನ್ನೂ ವರ್ಷಕ್ಕೊಮ್ಮೆ ಮನೆಯಲ್ಲೇ ನೋಡಲು ಮುಂದಾಗಬೇಕಿತ್ತು. ಕಣ್ಣು, ಕಿವಿ, ನಡಿಗೆ, ಮನಸ್ಸು, ಮೂತ್ರ, ಮನೆಯ ಪರಿಸ್ಥಿತಿ, ನುಂಗುವ ಮಾತ್ರೆ ಎಲ್ಲವೂ ಪಟ್ಟಿಯಲ್ಲಿದ್ದವು. ಎಡಿನ್‌ಬರೋದ ಪಾಠ ಸರ್ಕಾರಿ ಆದೇಶವಾಯಿತು ಎನ್ನಬೇಕು. ಆದರೆ ಆದೇಶ ಆದದ್ದೇ ತಡ ಅದು ಫಾರಂ ಆಯಿತು. ಅನೇಕ ಕಡೆ ಕಾಗದ ತುಂಬುವುದಕ್ಕೇ ಕೆಲಸ ನಿಂತಿತು. ಯಾವ ಬಗೆಯ ತಪಾಸಣೆ ಒಳ್ಳೆಯದೆಂದು ನೋಡಲು 106 ಕುಟುಂಬ ವೈದ್ಯ ಕೇಂದ್ರಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. ಎಲ್ಲರಿಗೂ ವಿವರವಾದ ಪರೀಕ್ಷೆ ಮಾಡಿದರೂ, ತೊಂದರೆ ಕಂಡವರಿಗಷ್ಟೇ ಮಾಡಿದರೂ ಸಾವಿನಲ್ಲಾಗಲಿ ಆಸ್ಪತ್ರೆ ಸೇರುವುದರಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು 2004ರಲ್ಲಿ ವರದಿಯಾಯಿತು. ಅದೇ ವರ್ಷದ ಹೊಸ ಕರಾರಿನಲ್ಲಿ ವಾರ್ಷಿಕ ತಪಾಸಣೆಯ ಕಡ್ಡಾಯವೂ ಹೋಯಿತು.

ರೋಡೊವ್ರೆಯಲ್ಲಿ ಫಲಿಸಿದ್ದು ಬ್ರಿಟನ್ನಿನಲ್ಲಿ ಏಕೆ ಫಲಿಸಲಿಲ್ಲ? ತಜ್ಞರ ಚರ್ಚೆ ಮುಗಿದಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಡೆನ್ಮಾರ್ಕಿನಲ್ಲಿ ಕೇಳಿದವರು ಮೂರು ತಿಂಗಳಿಗೆ ಮತ್ತೆ ಬಂದರು. ವಾರೆನ್ ಮತ್ತು ರೂಬೆನ್‌ಸ್ಟೀನ್ ಅವರಲ್ಲಿ ಪರೀಕ್ಷಿಸಿದವರೇ ಚಿಕಿತ್ಸೆಯ ಹೊಣೆಯನ್ನೂ ಹೊತ್ತರು. ಪಟ್ಟಿ ತುಂಬಿ ಕಡತಕ್ಕೆ ಸೇರಿಸಿದರೆ ಮಂಡಿನೋವು ಕಡಿಮೆಯಾಗುವುದಿಲ್ಲ.

ಭಾರತಕ್ಕೆ ಈ ವಿದ್ಯೆ ತಂದವರಲ್ಲಿ ಮೊದಲಿಗರು ಡಾ. ವಿ.ಎಸ್. ನಟರಾಜನ್. ಬ್ರಿಟನ್ನಿನಲ್ಲಿ ತರಬೇತಿ ಪಡೆದ ಅವರು 1978ರಲ್ಲಿ ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ವೃದ್ಧರ ಹೊರರೋಗಿ ವಿಭಾಗ ಆರಂಭಿಸಿದರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಈ ವಿಷಯದ ಸ್ನಾತಕೋತ್ತರ ಶಿಕ್ಷಣ ಬಂದದ್ದು 1996ರಲ್ಲಿ. 2011ರ ಜನಗಣತಿಯಲ್ಲಿ 60 ದಾಟಿದವರ ಸಂಖ್ಯೆ 10 ಕೋಟಿ ಮೀರಿದ ದೇಶಕ್ಕೆ ತಜ್ಞರನ್ನೇ ನಂಬಿಕೊಂಡರೆ ಆಗದು. ಹೀಗಾಗಿ 2010-11ರಲ್ಲಿ ಶುರುವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮ ಭಾರವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಲೆ ಹಾಕಿತು. ವಾರಕ್ಕೊಂದು ದಿನ ವೃದ್ಧರ ಕ್ಲಿನಿಕ್, ಬರಲಾಗದವರ ಮನೆಗೆ ಆರೋಗ್ಯ ಕಾರ್ಯಕರ್ತರ ಭೇಟಿ ಎಂಬುದು ಅದರ ಯೋಜನೆ.

ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಸಮುದಾಯ ತಪಾಸಣೆಯ ಫಾರಂನಲ್ಲಿ 60 ದಾಟಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ನಿಂತಾಗ, ನಡೆಯುವಾಗ ತೂರಾಡುವಂತಾಗುತ್ತದೆಯೇ? ಓಡಾಟಕ್ಕೆ ಅಡ್ಡಿಯಾಗುವ ಊನ ಇದೆಯೇ? ಊಟ, ಸ್ನಾನ, ಬಟ್ಟೆ, ಪಾಯಿಖಾನೆಗೆ ಬೇರೆಯವರ ನೆರವು ಬೇಕೇ? ಹತ್ತಿರದವರ ಹೆಸರು, ಸ್ವಂತ ಮನೆಯ ವಿಳಾಸ ಮರೆಯುತ್ತದೆಯೇ? ಕ್ಲೀವ್‌ಲ್ಯಾಂಡಿನ ಆರು ಕೆಲಸಗಳೂ ಎಡಿನ್‌ಬರೋದ ಮುಚ್ಚಿಟ್ಟ ತೊಂದರೆಗಳೂ ಈ ನಾಲ್ಕು ಸಾಲಿನೊಳಗೆ ಬಂದು ಕೂತಿವೆ. ಒಂದಕ್ಕೆ ‘ಹೌದು’ ಎಂದರೂ ವೈದ್ಯಾಧಿಕಾರಿ ಇರುವ ಹತ್ತಿರದ ಆಸ್ಪತ್ರೆಗೆ ಕೂಡಲೇ ಕಳುಹಿಸಬೇಕು ಎಂದು ಫಾರಂ ಹೇಳುತ್ತದೆ. ತೂರಾಡದೆ ನಿಲ್ಲಲಾರದ ಅಜ್ಜಿ ಅಲ್ಲಿಗೆ ಹೇಗೆ ಹೋಗಬೇಕು, ಬಸ್ಸು ಹತ್ತಿಸುವವರು ಯಾರು ಎಂಬುದಕ್ಕೆ ಮಾತ್ರ ಅದರಲ್ಲಿ ಕಾಲಂ ಇಲ್ಲ.