ಐದು ನಿಮಿಷದ ಚಾವಿ

ಊರಿನಲ್ಲಿ ಬಟ್ಟೆ ಒಣಗಿಸುವುದಕ್ಕೆ ಇತಿಹಾಸ ಎಂಬುದು ಬೇಕಾಗಿಲ್ಲ. ಅಂಗಳವಿದೆ, ಹಗ್ಗವಿದೆ, ಬಿಸಿಲಿದೆ. ಆಟಿ ತಿಂಗಳ ಮಳೆಗೆ ಬಚ್ಚಲ ಒಲೆಯ ಮೇಲೆ ಬಿದಿರಿನ ಗಳವಿದೆ. ಮುಂಬಯಿಯ ಕಡೆ ಬಂದವರಿಗೆ ಮಾತ್ರ ಅದೊಂದು ದೊಡ್ಡ ಪ್ರಶ್ನೆಯಾಯಿತು.

ರೈಲು 1853ರಲ್ಲಿ ಥಾಣೆಗೂ 1854ರಲ್ಲಿ ಕಲ್ಯಾಣಕ್ಕೂ ಬಂತು. ಮುಂಬಯಿಯ ಬಾಡಿಗೆ ಕೈಗೆ ಎಟುಕದ ನಮ್ಮವರು ಅದೇ ಹಳಿ ಹಿಡಿದು ಡೊಂಬಿವಲಿಯವರೆಗೆ ಬಂದು ಮನೆ ಮಾಡಿದರು. ಮೊದಲು ಚಾಳಿನ ಗ್ಯಾಲರಿಯಲ್ಲಿ ಬಟ್ಟೆ ಒಣಗುತ್ತಿತ್ತು, ಆಮೇಲೆ ಫ್ಲ್ಯಾಟಿನ ಕಿಟಕಿಯ ಗ್ರಿಲ್ಲಿನಲ್ಲಿ. 2004ರಲ್ಲಿ ಥಾಣೆ–ವಾಶಿ ಲೋಕಲ್ ಶುರುವಾದ ಮೇಲೆ ಡೊಂಬಿವಲಿಯಲ್ಲಿ ಇದ್ದುಕೊಂಡು ನವಿಮುಂಬಯಿಯಲ್ಲಿ ದುಡಿಯುವವರೂ ಹೆಚ್ಚಿದರು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೊರಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯನ್ನು ಒಳಗೆ ಹೊರಗೆ ಮಾಡುವವರು ಯಾರು? ಆ ಕೆಲಸವನ್ನು ವಹಿಸಿಕೊಂಡದ್ದು ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್ನಿನ ಸಣ್ಣ ಡಬ್ಬ. ನಾವು ಅದನ್ನು ಡ್ರೈಯರ್ ಅನ್ನುತ್ತೇವೆ.

ಇದು ಅಮೆರಿಕದ ಬಿಸಿಗಾಳಿಯ ಡ್ರೈಯರ್ ಅಲ್ಲ. ಬಟ್ಟೆಯನ್ನು ಗರಗರ ತಿರುಗಿಸಿ ನೀರು ಹಿಂಡುತ್ತದೆ, ಅಷ್ಟೆ. ಅಲ್ಲಿನ ಹಳೆಯ ಡ್ರೈಯರುಗಳಲ್ಲಿ ಹೊತ್ತು ಎಣಿಸಲು ಪುಟ್ಟದೊಂದು ವಿದ್ಯುತ್ ಮೋಟರ್ ಇತ್ತು. ನಮ್ಮದರಲ್ಲಿ ಸಾಮಾನ್ಯವಾಗಿ ಇರುವುದು ಸ್ಪ್ರಿಂಗು. ಗುಂಡಿ ತಿರುಗಿಸಿದರೆ ಸ್ಪ್ರಿಂಗು ಬಿಗಿಯಾಗುತ್ತದೆ, ಹಲ್ಲುಚಕ್ರಗಳು ಅದನ್ನು ಮೆಲ್ಲಗೆ ಬಿಚ್ಚುತ್ತವೆ. ಸೊನ್ನೆಗೆ ಬಂದಾಗ ಒಳಗಿನ ಒಂದು ಬಿಲ್ಲೆ ಎರಡು ಲೋಹದ ಪಟ್ಟಿಗಳನ್ನು ಬೇರೆ ಮಾಡುತ್ತದೆ, ಕರೆಂಟು ಕಡಿಯುತ್ತದೆ. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಮಾಡತೊಡಗಿದ ಚಾವಿ ಕೊಡುವ ಕೈಗಡಿಯಾರ ನಡೆದದ್ದೂ ಇಂಥದೇ ಸ್ಪ್ರಿಂಗಿನಿಂದ. ಆ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು. ಚಾವಿಯ ವಿದ್ಯೆ ಮಾತ್ರ ನಮ್ಮ ಬಚ್ಚಲುಮನೆಗಳಲ್ಲಿ ಟಿಕ್ ಟಿಕ್ ಎನ್ನುತ್ತಲೇ ಇದೆ.

ನಮ್ಮ ಬಿಲ್ಡಿಂಗಿನ ಕುಂದಾಪುರದ ಅಕ್ಕ ಒಂದು ಮಳೆಗಾಲದಲ್ಲಿ, "ಡ್ರೈಯರ್ ತಿರುಗೂದೇ ಇಲ್ಲ ಮಾರಾಯ್ರೆ, ಮೆಕ್ಯಾನಿಕ್ ಬಂದವನು ಮೋಟರ್ ಗೇಲಿ, ನವೀನ್ ಘ್ಯಾ ಅಂದು ಹೋದ" ಎಂದರು. ಮೋಟರ್ ಹೋಯಿತು, ಹೊಸದು ತಗೊಳ್ಳಿ ಎಂಬ ಈ ತೀರ್ಪು ಇಲ್ಲಿ ಬಹಳ ಅಗ್ಗ. ಒಪ್ಪುವ ಮೊದಲು ನೋಡಬೇಕಾದ್ದು ಕೆಲವಿದೆ.

ಪ್ಲಗ್ ಕಿತ್ತು ಗುಂಡಿ ತಿರುಗಿಸಿ. ಸ್ಪ್ರಿಂಗಿಗೆ ಕರೆಂಟು ಬೇಡ, ಟಿಕ್ ಟಿಕ್ ಕೇಳಲೇಬೇಕು. ಕೇಳದಿದ್ದರೆ, ನಡುವೆ ನಿಂತರೆ, ದೋಷ ಟೈಮರಿನದೇ. ಸದ್ದಿದ್ದೂ ಡಬ್ಬ ಅಲುಗದಿದ್ದರೆ ಎರಡು ಕಡೆ ಅನುಮಾನ: ಟೈಮರಿನ ಪಟ್ಟಿಗಳು ಕಿಡಿ ತಿಂದು ಕರಕಲಾಗಿರಬಹುದು, ಮುಚ್ಚಳದ ಸ್ವಿಚ್ಚು ಕೂಡದಿರಬಹುದು. ಪ್ಲಗ್ ಕಿತ್ತೇ ಇಟ್ಟು, ಮಲ್ಟಿಮೀಟರಿನಿಂದ ಒಂದೊಂದನ್ನೇ ಬೇರೆಬೇರೆ ನೋಡಬೇಕು. ಗುಂಡಿ ತಿರುಗಿಸಿದಾಗ ಟೈಮರಿನ ಎರಡು ತಂತಿಗಳ ನಡುವೆ ದಾರಿ ಕೂಡಬೇಕು, ಸೊನ್ನೆಯಲ್ಲಿ ಕಡಿಯಬೇಕು. ಸೊನ್ನೆಯಲ್ಲೂ ಕೂಡಿಯೇ ಇದ್ದರೆ ಪಟ್ಟಿಗಳು ಅಂಟಿಕೊಂಡಿವೆ, ಡ್ರೈಯರ್ ತಾನಾಗಿ ನಿಲ್ಲುವುದಿಲ್ಲ. ಮೋಟರ್ ಗುಂಯ್ ಎಂದು ತಿರುಗದಿದ್ದರೆ ಟೈಮರನ್ನು ಬೈಯಬೇಡಿ. ಕೆಪ್ಯಾಸಿಟರ್ ಹೋಗಿರಬಹುದು, ಬ್ರೇಕು ಬಿಡದಿರಬಹುದು, ಡಬ್ಬದ ಕೆಳಗೆ ಕಾಲುಚೀಲ ಸಿಕ್ಕಿರಬಹುದು.

ಅಕ್ಕನ ಮೆಷಿನ್ನಿನಲ್ಲಿ ಟಿಕ್ ಟಿಕ್ ಸರಿಯಿತ್ತು, ಮುಚ್ಚಳದ ಸ್ವಿಚ್ಚು ಸರಿಯಿತ್ತು, ಟೈಮರಿನ ದಾರಿ ಮಾತ್ರ ಕೂಡುತ್ತಿರಲಿಲ್ಲ. ಹಳೆಯದನ್ನು ಬಿಚ್ಚಿ ಅಂಗಡಿಗೆ ಒಯ್ದರೆ ಕೆಲಸ ಹಗುರ: ನಿಮಿಷ, ತಂತಿಗಳ ಸಂಖ್ಯೆ, ಗುಂಡಿ ಕೂರುವ ಕಡ್ಡಿಯ ಆಕಾರ, ಸ್ಕ್ರೂ ತೂತುಗಳ ಅಂತರ ನಾಲ್ಕೂ ಹೊಂದಬೇಕು. ಬಿಚ್ಚುವ ಮೊದಲು ತಂತಿಗಳ ಫೋಟೊ ತೆಗೆದಿಟ್ಟುಕೊಳ್ಳಿ. ಜೋಡಿಸಿದ ತಂತಿಯ ತುದಿ ಬರಿದಾಗಿ ಉಳಿಯಬಾರದು, ನೀರು ತೊಟ್ಟಿಕ್ಕುವಲ್ಲಿ ಇರಬಾರದು.

ದೋಷ ಎಲ್ಲಿಂದ ಬಂತೆಂದು ತಿಳಿಯಲು ಮಳೆಯ ರೀತಿಯೂ ನೆರವಾಗುತ್ತದೆ. ಟೈಮರ್ ಇರುವುದು ಮೇಲಿನ ಫಲಕದಲ್ಲಿ. ಅದನ್ನು ತಿನ್ನುವುದು ದಿನದಿನದ ತೇವ, ಸೋಪಿನ ನೊರೆ. ಮೋಟರ್ ಇರುವುದು ತಳದಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು, ಇತ್ತ ಉಲ್ಹಾಸ್ ನದಿ ಉಕ್ಕಿ ಕಲ್ಯಾಣದ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಅಂಥ ನೀರಲ್ಲಿ ನಿಂತ ಮೆಷಿನ್ನಿಗೆ ಮೊದಲು ನೋಡಿಸಬೇಕಾದ್ದು ಮೋಟರ್, ಟೈಮರ್ ಅಲ್ಲ. ಒಣಗಿಸಿ ಪರೀಕ್ಷಿಸದೆ ಸ್ವಿಚ್ ಹಾಕಲೇಬಾರದು.

ಇನ್ನೊಂದು ಮಾತು. ಅವಸರಕ್ಕೆ ಮುಚ್ಚಳದ ಸ್ವಿಚ್ಚಿನ ಎರಡು ತಂತಿ ಸೇರಿಸಿ "ಚಾಲೂ ಆಯಿತು" ಎನ್ನುವವರಿದ್ದಾರೆ. ಆಮೇಲೆ ಮುಚ್ಚಳ ತೆಗೆದರೂ ಡಬ್ಬ ತಿರುಗುತ್ತಲೇ ಇರುತ್ತದೆ. ಒಳಗಿನ ಬಟ್ಟೆಗೆ ಕೈಹಾಕುವ ಮಗುವಿನ ತೋಳನ್ನು ಅದು ಸುತ್ತಿಕೊಂಡೀತು. ಅಂಗಳದ ಹಗ್ಗಕ್ಕೆ ಈ ಭಯವಿರಲಿಲ್ಲ. ಹೊಸ ಟೈಮರ್ ಹಾಕಿದ ಮೇಲೆ ಡ್ರೈಯರ್ ತಿರುಗಿತೇ ಎಂದು ನೋಡಿದರೆ ಸಾಲದು. ಮುಚ್ಚಳ ಎತ್ತಿದೊಡನೆ ನಿಂತಿತೇ ಎಂದೂ ನೋಡಬೇಕು.