ಹೋಗದ ಪ್ರಯಾಣದ ಹಣ

2020ರ ಆಷಾಢದಲ್ಲಿ ಚಾಮುಂಡಿ ಬೆಟ್ಟದ ದಾರಿ ಭಕ್ತರಿಗೆ ಮುಚ್ಚಿತ್ತು. ಜೂನ್ 26ರಿಂದ ಜುಲೈ 17ರವರೆಗೆ ಬಂದ ನಾಲ್ಕು ಶುಕ್ರವಾರಗಳಲ್ಲೂ ಗುಡಿಯೊಳಗೆ ಪೂಜೆ, ಅಲಂಕಾರ ಸಾಂಗವಾಗಿ ನಡೆದವು, ಆದರೆ ಸೋಂಕಿನ ಭಯದಿಂದ ಜಿಲ್ಲಾಡಳಿತ ಸಾರ್ವಜನಿಕರನ್ನು ಮೇಲೆ ಬಿಡಲಿಲ್ಲ. ಮರುವರ್ಷದ ಆಷಾಢವೂ ಹಾಗೆಯೇ ಕಳೆಯಿತು. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲುಗಳಿಗೆ ನಸುಕಿನಲ್ಲೇ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವ ಹೆಂಗಸರಿಗೆ ಆ ಎರಡು ವರ್ಷ ಆದ ನೋವು ದೊಡ್ಡದು. ಆದರೆ ಅವರ ಕೈಯಿಂದ ದುಡ್ಡು ಹೋಗಲಿಲ್ಲ. ಮೆಟ್ಟಿಲಿಗೆ ಸುಂಕವಿಲ್ಲ, ಧರ್ಮದರ್ಶನದ ಸಾಲಿಗೆ ಟಿಕೆಟ್ಟಿಲ್ಲ. ದುಡ್ಡು ಸಿಕ್ಕಿಹಾಕಿಕೊಂಡದ್ದು ಮನೆದೇವರ ದರ್ಶನಕ್ಕೋ, ಬೇಸಿಗೆ ರಜೆಗೋ, ಮದುವೆಗೋ ಊರಿಗೆ ಬರಲೆಂದು ತಿಂಗಳುಗಳ ಮೊದಲೇ ವಿಮಾನದ ಟಿಕೆಟ್ ಮಾಡಿಸಿದ್ದವರದು. ವಿಮಾನ ಹಾರಲಿಲ್ಲ, ಕೊಟ್ಟ ಹಣ ಹಿಂದಿರುಗಲಿಲ್ಲ. ಅದರ ಬದಲು ‘ಕ್ರೆಡಿಟ್ ಶೆಲ್’ ಎಂಬ ಹೆಸರಿನಲ್ಲಿ ಮುಂದಿನ ಪ್ರಯಾಣಕ್ಕೆ ಬಳಸಿಕೊಳ್ಳಿ ಎಂಬ ಸಂದೇಶ ಬಂತು. ಅದನ್ನು ಕಂಪನಿಗಳು ರಿಯಾಯಿತಿಯೆಂದು ಹೇಳಿಕೊಂಡವು. ಅದು ರಿಯಾಯಿತಿಯಾಗಿರಲಿಲ್ಲ, ತೀರಿಸದೆ ಉಳಿಸಿಕೊಂಡ ಸಾಲವಾಗಿತ್ತು ಎಂಬುದು ನನ್ನ ವಾದ. ರೋಗದಿಂದ ಮುರಿದುಬಿದ್ದ ಕರಾರಿನ ಹಣ ಯಾರಿಗೆ ಸೇರಬೇಕು ಎಂಬುದನ್ನು ನಮ್ಮ ಕಾನೂನೂ ನಮ್ಮ ರೂಢಿಯೂ ಬಹಳ ಹಿಂದೆಯೇ ತೀರ್ಮಾನಿಸಿದ್ದವು.

ರೂಢಿಯಿಂದಲೇ ಶುರುಮಾಡೋಣ. ಹರಕೆ ಹೊತ್ತ ಮನೆಯಲ್ಲಿ ಹಣವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಮುಡುಪು ಇಡುತ್ತಾರೆ. ಆ ವರ್ಷ ಯಾತ್ರೆ ಆಗದಿದ್ದರೆ, ಮನೆಯಲ್ಲಿ ಸೂತಕವೋ ಊರಲ್ಲಿ ಬೇನೆಯೋ ಬಂದರೆ, ಮುಡುಪು ಮುಂದಿನ ವರ್ಷದವರೆಗೆ ಕಾಯುತ್ತದೆ. ಹರಕೆಗೆ ವಾಯಿದೆ ತೀರುವುದಿಲ್ಲ. ಕ್ರೆಡಿಟ್ ಶೆಲ್ ಕೂಡ ಇದೇ ತಾನೆ, ಹಣ ಕರಗಿಹೋಗಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸ ಇರುವುದು ಗಂಟು ಯಾರ ಮನೆಯಲ್ಲಿದೆ ಎಂಬುದರಲ್ಲಿ. ಮುಡುಪು ಭಕ್ತನ ದೇವರಮನೆಯಲ್ಲೇ ಇರುತ್ತದೆ. ಮನೆಯಲ್ಲಿ ಆಸ್ಪತ್ರೆ ಖರ್ಚು ಎದುರಾದರೆ ದೇವಿಗೆ ತಪ್ಪುಕಾಣಿಕೆ ಹೇಳಿಕೊಂಡು ಬಿಚ್ಚಿ, ಆಮೇಲೆ ತುಂಬಿಸಿಡುವ ದಾರಿ ಉಂಟು. ಕ್ರೆಡಿಟ್ ಶೆಲ್ಲಿನ ಹಣ ಕಂಪನಿಯ ಖಾತೆಯಲ್ಲಿತ್ತು. ಅದಕ್ಕೆ ಕೊನೆಯ ದಿನಾಂಕವಿತ್ತು, ಅದೇ ಕಂಪನಿಯಲ್ಲೇ ಖರ್ಚು ಮಾಡಬೇಕಿತ್ತು. 2020ರ ಏಪ್ರಿಲ್‌ನಲ್ಲಿ ಕೆಲಸ ಕಳೆದುಕೊಂಡವನಿಗೆ ಆ ಹಣದಲ್ಲಿ ಒಂದು ಮಾತ್ರೆಯನ್ನೂ ಕೊಳ್ಳಲಾಗುತ್ತಿರಲಿಲ್ಲ.

ಇನ್ನು ಕಾನೂನು. 1872ರ ಭಾರತೀಯ ಕರಾರು ಕಾಯ್ದೆಯ 56ನೇ ಕಲಂ ಪ್ರಕಾರ, ಮಾಡಿಕೊಂಡ ಕರಾರು ಆಮೇಲೆ ಅಸಾಧ್ಯವಾದರೆ ಅಥವಾ ಕಾನೂನುಬಾಹಿರವಾದರೆ ಅದು ಶೂನ್ಯ. 65ನೇ ಕಲಂ ಮುಂದಿನ ಹೆಜ್ಜೆ ಹೇಳುತ್ತದೆ: ಶೂನ್ಯವಾದ ಕರಾರಿನಿಂದ ಯಾರು ಏನು ಪಡೆದಿದ್ದಾರೋ ಅವರು ಅದನ್ನು ಹಿಂದಿರುಗಿಸಬೇಕು. ಆ ಕಲಮಿನ ಕೆಳಗೆ ಕೊಟ್ಟಿರುವ ಒಂದು ಉದಾಹರಣೆಯಂತೂ ಸಂಗೀತದ ಊರಾದ ಮೈಸೂರಿಗೇ ಬರೆದಂತಿದೆ. ಒಬ್ಬ ಗಾಯಕ ಕಛೇರಿಗೆ ಒಪ್ಪಿಕೊಂಡು 1,000 ರೂಪಾಯಿ ಮುಂಗಡ ಪಡೆದಿರುತ್ತಾನೆ. ಆ ಹೊತ್ತಿಗೆ ಕಾಯಿಲೆ ಬಿದ್ದು ಹಾಡಲಾರದೆ ಹೋಗುತ್ತಾನೆ. ಕಛೇರಿ ನಡೆದಿದ್ದರೆ ಸಂಘಟಕನಿಗೆ ಬರುತ್ತಿದ್ದ ಲಾಭವನ್ನು ಗಾಯಕ ತುಂಬಿಕೊಡಬೇಕಿಲ್ಲ, ಆದರೆ ಪಡೆದ 1,000 ರೂಪಾಯಿಯನ್ನು ವಾಪಸು ಕೊಡಲೇಬೇಕು. ಇದರ ಹಿಂದಿನ ವಿವೇಕ ಗಮನಿಸಬೇಕಾದದ್ದು. ಕಾಯಿಲೆ ಗಾಯಕನ ತಪ್ಪಲ್ಲ, ಹಾಗಾಗಿ ಅವನಿಗೆ ದಂಡವಿಲ್ಲ. ಆದರೆ ತಪ್ಪಿಲ್ಲ ಎಂಬ ಕಾರಣಕ್ಕೆ ಹಾಡದ ಹಾಡಿನ ದುಡ್ಡು ಅವನದಾಗುವುದಿಲ್ಲ. ‘ನಮ್ಮ ತಪ್ಪೇನೂ ಇಲ್ಲ, ಸರ್ಕಾರವೇ ವಿಮಾನ ನಿಲ್ಲಿಸಿತು’ ಎಂದು 2020ರಲ್ಲಿ ಕೇಳಿಬಂದ ಮಾತಿಗೆ ಉತ್ತರ ನೂರೈವತ್ತು ವರ್ಷಗಳ ಹಿಂದಿನ ಈ ನಾಲ್ಕು ಸಾಲಿನಲ್ಲಿದೆ.

ಈ ವಿವೇಕ ಎಲ್ಲ ಕಡೆಯೂ ಇರಲಿಲ್ಲ ಎಂಬುದಕ್ಕೆ ಇಂಗ್ಲೆಂಡಿನ ಚರಿತ್ರೆಯೇ ಸಾಕ್ಷಿ. 1902ರ ಜೂನ್ 26ಕ್ಕೆ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕ ನಿಗದಿಯಾಗಿತ್ತು. ಎರಡು ದಿನ ಮೊದಲು ದೊರೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಬೇಕಾಯಿತು, ಮೆರವಣಿಗೆ ನಿಂತಿತು. ಜಂಬೂಸವಾರಿ ನೋಡಲು ಸಯ್ಯಾಜಿರಾವ್ ರಸ್ತೆಯ ಮಹಡಿಗಳಿಗೆ ಎಷ್ಟು ಬೇಡಿಕೆ ಎಂದು ಬಲ್ಲವರಿಗೆ ಲಂಡನ್ನಿನ ಆ ದಿನಗಳ ಪಾಡು ಅರ್ಥವಾದೀತು: ಮೆರವಣಿಗೆಯ ದಾರಿಯ ಕೋಣೆಗಳನ್ನು ಜನ ಎರಡು ದಿನದ ಮಟ್ಟಿಗೆ ಭಾರಿ ಬಾಡಿಗೆಗೆ ಹಿಡಿದಿದ್ದರು. ಒಂದು ಪ್ರಕರಣದಲ್ಲಿ 75 ಪೌಂಡಿಗೆ ಮಾತಾಗಿ 25 ಪೌಂಡ್ ಮುಂಗಡ ಸಂದಿತ್ತು. ಬಾಕಿ 50 ಕೊಡಬೇಕಿಲ್ಲ ಎಂದು ನ್ಯಾಯಾಲಯ ಹೇಳಿತು. ಇನ್ನೊಂದರಲ್ಲಿ 100 ಪೌಂಡ್ ಕೊಟ್ಟಿದ್ದವನಿಗೆ ಆ ಹಣವೂ ಸಿಗಲಿಲ್ಲ, ಮೆರವಣಿಗೆ ನಿಲ್ಲುವ ಮೊದಲೇ ಕೊಡಬೇಕಿತ್ತೆಂದು ಬಾಕಿ 41 ಪೌಂಡ್ 15 ಷಿಲಿಂಗನ್ನೂ ಅವನೇ ತೆರಬೇಕಾಯಿತು. ಮೆರವಣಿಗೆ ನಿಂತ ಹೊತ್ತಿಗೆ ಹಣ ಯಾರ ಕೈ ಸೇರಿರಬೇಕಿತ್ತೋ ಅವರದೇ ಆಯಿತು, ನ್ಯಾಯಕ್ಕೆ ಅಲ್ಲಿ ಕೆಲಸವಿರಲಿಲ್ಲ. ಇಂಗ್ಲೆಂಡ್ ಆ ನಿಲುವನ್ನು ಕೈಬಿಡಲು 1942ರವರೆಗೆ ಕಾಯಬೇಕಾಯಿತು. ದೊರೆ ಚೇತರಿಸಿಕೊಂಡು ಪಟ್ಟವೇರಿದ್ದು 1902ರ ಆಗಸ್ಟ್ 9ರಂದು. ಅದರ ಹಿಂದಿನ ದಿನವೇ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲಾರ್ಡ್ ಕರ್ಜನ್ ಸಮ್ಮುಖದಲ್ಲಿ ಪೂರ್ಣಾಧಿಕಾರ ವಹಿಸಿಕೊಂಡರು. 65ನೇ ಕಲಂ ಭಾರತದ ಕಾನೂನಿನಲ್ಲಿ ಅಷ್ಟು ಹೊತ್ತಿಗಾಗಲೇ ಮೂವತ್ತು ವರ್ಷ ಹಳೆಯದು.

ನಾಲ್ವಡಿಯವರು ಅಧಿಕಾರಕ್ಕೆ ಬಂದಾಗ ಸಂಸ್ಥಾನ ಪ್ಲೇಗಿನ ಹೊಡೆತದಿಂದ ಇನ್ನೂ ಎದ್ದಿರಲಿಲ್ಲ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡ ರೋಗ ಮೈಸೂರು ನಗರಕ್ಕೂ ಹಬ್ಬಿತು. ರೈಲಿನಲ್ಲಿ ಬಂದವರನ್ನು ತಪಾಸಣೆ ಮಾಡುವುದು, ಶಂಕೆ ಬಂದವರನ್ನು ತಡೆದಿಡುವುದು, ಮನೆ ಖಾಲಿ ಮಾಡಿಸಿ ಜನರನ್ನು ಊರಾಚೆಯ ಶಿಬಿರಗಳಿಗೆ ಕಳಿಸುವುದು ನಿತ್ಯದ ಮಾತಾಯಿತು, ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆಗಿ ಅದರ ಹೊಣೆ ಹೊತ್ತರು. ಬ್ರಿಟಿಷ್ ಇಂಡಿಯಾದಲ್ಲಿ ಇಂಥ ಕ್ರಮಗಳಿಗೆ ಆಧಾರವಾದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಒಂದೆರಡು ಪುಟದ ಪುಟ್ಟ ಕಾನೂನು. ಅದನ್ನು ದಬ್ಬಾಳಿಕೆಯ ಕಾನೂನೆಂದು ಹಲವರು ಟೀಕಿಸಿದ್ದಾರೆ, ಟೀಕೆಯಲ್ಲಿ ಹುರುಳಿದೆ. ಆದರೂ ಅದರ 2ನೇ ಕಲಮಿನಲ್ಲಿ, ರೋಗ ತಡೆಯುವ ಖರ್ಚನ್ನು ಯಾರು ಹೇಗೆ ಭರಿಸಬೇಕು ಎಂದು ಸರ್ಕಾರ ನಿರ್ಧರಿಸಬಹುದು, ಪರಿಹಾರವೇನಾದರೂ ಇದ್ದರೆ ಅದೂ ಸೇರಿ, ಎಂಬ ಮಾತಿದೆ. ದಾರಿ ಮುಚ್ಚುವ ಅಧಿಕಾರ ಕೊಟ್ಟ ಕೈಯೇ ಅದರ ನಷ್ಟ ಯಾರದು ಎಂಬ ಪ್ರಶ್ನೆಯನ್ನೂ ಬರೆದಿಟ್ಟಿತ್ತು. ಮೈಸೂರು ಸರ್ಕಾರ ಆ ಪ್ರಶ್ನೆಗೆ ಇಟ್ಟಿಗೆ ಗಾರೆಯಲ್ಲಿ ಉತ್ತರ ಕೊಟ್ಟಿತು ಎನ್ನಬಹುದು. 1903ರಲ್ಲಿ ನಗರಾಭಿವೃದ್ಧಿಗೆಂದೇ ಟ್ರಸ್ಟ್ ಬೋರ್ಡ್ ರಚನೆಯಾಯಿತು, ಇಕ್ಕಟ್ಟಿನ ಕೇರಿಗಳಿಂದ ಜನರನ್ನು ಗಾಳಿ ಬೆಳಕಿನ ಹೊಸ ಬಡಾವಣೆಗಳಿಗೆ ಬಿಡಿಸಿ ತರಲಾಯಿತು. ರೋಗ ತಡೆಯುವುದು ಎಲ್ಲರ ಒಳಿತಿಗಾದರೆ ಅದರ ಹೊರೆಯೂ ಎಲ್ಲರ ಮೇಲಿರಬೇಕು ಎಂಬ ತಿಳಿವಳಿಕೆ ಈ ಊರಿನ ನಕಾಶೆಯಲ್ಲೇ ಇದೆ.

ಇಷ್ಟೆಲ್ಲ ಇದ್ದೂ 2020ರಲ್ಲಿ ನಡೆದದ್ದು ಬೇರೆ. ಮಾರ್ಚ್ 25ರಿಂದ ಮೇ 24ರವರೆಗೆ ದೇಶದೊಳಗೆ ಪ್ರಯಾಣಿಕ ವಿಮಾನಗಳು ಹಾರಲಿಲ್ಲ. ಏಪ್ರಿಲ್ 16ರಂದು ನಾಗರಿಕ ವಿಮಾನಯಾನ ಸಚಿವಾಲಯ, ಲಾಕ್‌ಡೌನ್ ಶುರುವಾದ ಮೇಲೆ ಟಿಕೆಟ್ ಮಾಡಿಸಿದವರಿಗೆ ಮೂರು ವಾರದಲ್ಲಿ ಪೂರ್ತಿ ಹಣ ಕೊಡಿ ಎಂದಿತು. ಎಲ್ಲರೂ ಮನೆಯೊಳಗಿದ್ದಾಗ ಟಿಕೆಟ್ ಮಾಡಿಸಿದವರು ಎಷ್ಟು ಮಂದಿ? ಜನವರಿ, ಫೆಬ್ರವರಿಯಲ್ಲಿ ಮಾಡಿಸಿದವರೇ ಹೆಚ್ಚು, ಅವರು ಆ ಆದೇಶದ ಹೊರಗುಳಿದರು. ವಿಮಾನಯಾನ ಮಹಾನಿರ್ದೇಶನಾಲಯದ 2008ರ ನಿಯಮದಲ್ಲಿ ಹಣವನ್ನು ಕ್ರೆಡಿಟ್ ಶೆಲ್ಲಿನಲ್ಲಿ ಇಡುವುದು ಬಿಡುವುದು ಪ್ರಯಾಣಿಕರ ಇಚ್ಛೆ, ಕಂಪನಿ ಅದನ್ನೇ ರೂಢಿ ಮಾಡಿಕೊಳ್ಳಬಾರದು ಎಂದು ಸ್ಪಷ್ಟವಾಗಿತ್ತು. ಅದನ್ನು ಬದಿಗಿಡಲಾಯಿತು. ‘ಶುಲ್ಕ ಮನ್ನಾ’ ಎಂಬ ಜಾಹೀರಾತಿನ ಒಳಗನ್ನೂ ನೋಡಬೇಕು. ಮನ್ನಾ ಆದದ್ದು ದಿನಾಂಕ ಬದಲಿಸುವ ಶುಲ್ಕ ಮಾತ್ರ. ಹೊಸ ದಿನದ ದರ ಹೆಚ್ಚಿದ್ದರೆ ಆ ವ್ಯತ್ಯಾಸವನ್ನು ಪ್ರಯಾಣಿಕ ಕಟ್ಟಬೇಕಿತ್ತು. ಅದೇ ಹೊತ್ತಿನಲ್ಲಿ ರೈಲ್ವೆ ತಾನು ರದ್ದು ಮಾಡಿದ ರೈಲುಗಳ ಪೂರ್ತಿ ಹಣ ಹಿಂದಿರುಗಿಸಿತು, ಕೌಂಟರಿನಲ್ಲಿ ಕೊಂಡ ಟಿಕೆಟ್ಟಿನ ಹಣ ಕೇಳುವ ಅವಧಿಯನ್ನು ಮೊದಲು ಆರು, ಆಮೇಲೆ ಒಂಬತ್ತು ತಿಂಗಳಿಗೆ ವಿಸ್ತರಿಸಿತು. ಆ ವರ್ಷದ ಹಜ್ ಯಾತ್ರೆ ನಿಂತಾಗ ಎರಡು ಲಕ್ಷಕ್ಕೂ ಹೆಚ್ಚು ಅರ್ಜಿದಾರರ ಹಣವನ್ನು ಒಂದು ಪೈಸೆಯೂ ಮುರಿದುಕೊಳ್ಳದೆ ಮರಳಿಸುವುದಾಗಿ ಕೇಂದ್ರ ಸರ್ಕಾರ ಜೂನ್‌ನಲ್ಲಿ ಪ್ರಕಟಿಸಿತು.

ವಿಮಾನದ ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಪ್ರವಾಸಿ ಲೀಗಲ್ ಸೆಲ್ ಎಂಬ ಸಂಸ್ಥೆ ಹೂಡಿದ ಪ್ರಕರಣದಲ್ಲಿ ಅಕ್ಟೋಬರ್ 1ರಂದು ತೀರ್ಪು ಬಂತು. ಲಾಕ್‌ಡೌನ್ ಮೊದಲೇ ಟಿಕೆಟ್ ಮಾಡಿಸಿದವರಿಗೂ ಹದಿನೈದು ದಿನದಲ್ಲಿ ಹಣ ಕೊಡಬೇಕು, ಆರ್ಥಿಕ ಸಂಕಷ್ಟದಲ್ಲಿರುವ ಕಂಪನಿ 2021ರ ಮಾರ್ಚ್ 31ರವರೆಗಿನ ಕ್ರೆಡಿಟ್ ಶೆಲ್ ಕೊಡಬಹುದು, ಅದನ್ನು ಬೇರೆಯವರಿಗೂ ವರ್ಗಾಯಿಸಬಹುದು. ಅದರ ಬೆಲೆ 2020ರ ಜೂನ್‌ವರೆಗೆ ತಿಂಗಳಿಗೆ ಶೇ 0.5, ಆಮೇಲೆ ಶೇ 0.75 ಏರುತ್ತಿರಬೇಕು. ಏಪ್ರಿಲ್‌ನಲ್ಲಿ ರದ್ದಾದ ₹10,000ದ ಟಿಕೆಟ್ಟಿಗೆ ಈ ಲೆಕ್ಕದಲ್ಲಿ ಮಾರ್ಚ್ ಕೊನೆಗೆ ₹825 ಸೇರುತ್ತಿತ್ತು. ತೀರ್ಪಿನ ಬಗ್ಗೆ ಗೌರವವಿದ್ದೇ ಹೇಳುತ್ತೇನೆ, ಇದು ರಾಜಿ. ಆದರೆ ಆ ಏರಿಕೆಯ ಲೆಕ್ಕವೇ ಒಂದು ಒಪ್ಪಿಗೆ ಕೂಡ ಹೌದು: ಬಡ್ಡಿಯಂಥದೊಂದು ಬೆಳೆಯುವುದು ಸಾಲಕ್ಕೆ ಮಾತ್ರ, ಉಪಕಾರಕ್ಕಲ್ಲ. ತೀರ್ಪು ಬಂದ ಹದಿನಾರನೇ ದಿನ, ಅಕ್ಟೋಬರ್ 17ರಂದು, ಜಯದೇವ ಹೃದ್ರೋಗ ಸಂಸ್ಥೆಯ ಡಾ. ಸಿ.ಎನ್. ಮಂಜುನಾಥ್ ಬೆಟ್ಟದ ಮೇಲೆ ಆ ವರ್ಷದ ಸರಳ ದಸರಾವನ್ನು ಉದ್ಘಾಟಿಸಿದರು. ದೂರದೂರದಿಂದ ಬರುವವರ ಹಬ್ಬ ಆ ಸಲ ಅರಮನೆಯ ಆವರಣದೊಳಗೇ ಮುಗಿಯಿತು.

ಕಂಪನಿಗಳ ಪರವಾಗಿ ಹೇಳುವ ಮಾತುಗಳು ಹಗುರವಲ್ಲ. ಮುಂಗಡ ಹಣ ಆಗಲೇ ಖರ್ಚಾಗಿತ್ತು. ನಿಂತ ವಿಮಾನಕ್ಕೂ ಬಾಡಿಗೆ, ಸಿಬ್ಬಂದಿಗೆ ಸಂಬಳ ತಪ್ಪಿದ್ದಲ್ಲ. ಅಮೆರಿಕದಲ್ಲಿ ಸರ್ಕಾರ ವಿಮಾನ ಕಂಪನಿಗಳ ಸಂಬಳದ ಖರ್ಚಿಗೆಂದೇ ಸಾವಿರಾರು ಕೋಟಿ ಡಾಲರ್ ಕೊಟ್ಟಿತು, ಇಲ್ಲಿ ಅಂಥದ್ದೇನೂ ಬರಲಿಲ್ಲ. ಇದೆಲ್ಲ ನಿಜ. ಆದರೆ ಆ ಪ್ರಯಾಣಿಕನಿಗಾಗಿ ಇಂಧನ ಸುಡಲಿಲ್ಲ, ನಿಲ್ದಾಣದ ಶುಲ್ಕ ಕಟ್ಟಲಿಲ್ಲ. ಉಳಿದದ್ದು ಅಂಗಡಿ ತೆರೆದಿಡುವ ಖರ್ಚು, ಅದು ವ್ಯಾಪಾರಿಯದು. ಶಾಲಾ ಶುಲ್ಕದಲ್ಲಿ ನ್ಯಾಯಾಲಯಗಳು ಹಿಡಿದ ಅಳತೆಯೂ ಇದೇ: ಕಟ್ಟಡ ಮುಚ್ಚಿದ್ದರಿಂದ ಶಾಲೆಗೆ ಉಳಿತಾಯವಾಗಿದೆ, ಆದ್ದರಿಂದ 2020-21ರ ಶುಲ್ಕದಲ್ಲಿ ಶೇ 15 ಕಡಿತ ಮಾಡಿ ಎಂದು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಪಾಠ ನಡೆಸಿದ ಶಾಲೆಯೇ ಉಳಿಸಿದ್ದನ್ನು ಬಿಡಬೇಕಾದರೆ, ಹಾರದ ವಿಮಾನ ಪಡೆದದ್ದನ್ನು ಇಟ್ಟುಕೊಳ್ಳುವುದು ಹೇಗೆ? ಸರ್ಕಾರ ನೆರವು ಕೊಡಲಿಲ್ಲ ಎಂಬ ದೂರು ಸಾಧುವೇ. ಅದನ್ನು ಸರ್ಕಾರದ ಬಾಗಿಲಲ್ಲಿ ಹೇಳಬೇಕಿತ್ತು, ಕೆಲಸ ಕಳೆದುಕೊಂಡ ಪ್ರಯಾಣಿಕನ ಜೇಬಿಗೆ ಕೈ ಹಾಕಬಾರದಿತ್ತು.

ಹಣ ಒಮ್ಮೆಲೇ ಮರಳಿಸಿದ್ದರೆ ಕಂಪನಿಗಳು ಮುಳುಗುತ್ತಿದ್ದವು, ಆಗ ಯಾರಿಗೂ ಏನೂ ಸಿಗುತ್ತಿರಲಿಲ್ಲ ಎಂಬುದು ಕೊನೆಯ ಆಕ್ಷೇಪ. ಬೆಟ್ಟದಿಂದ ಅಷ್ಟೇನೂ ದೂರವಿಲ್ಲದ ಮಂಡಕಳ್ಳಿ ವಿಮಾನ ನಿಲ್ದಾಣದ ನೆಲ ಇದಕ್ಕೆ ಉತ್ತರ ಬಲ್ಲದು. ಅಲ್ಲಿ 2010ರ ಅಕ್ಟೋಬರ್ 1ರಂದು ಬೆಂಗಳೂರಿಗೆ ವಿಮಾನ ಶುರುಮಾಡಿದ ಕಿಂಗ್‌ಫಿಷರ್‌ನ ಪರವಾನಗಿ 2012ರ ಅಕ್ಟೋಬರ್‌ನಲ್ಲಿ ಅಮಾನತಾಯಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ದಿವಾಳಿ ಪ್ರಕ್ರಿಯೆಗೆ ಹೋದಾಗ ಮುಂಗಡ ಕೊಟ್ಟಿದ್ದವರು ಸಾಲ ಕೊಟ್ಟವರ ಸಾಲಿನ ಕೊನೆಯಲ್ಲಿ ನಿಂತರು. ಕಂಪನಿ ಮುಳುಗುವ ಅಪಾಯವಿದ್ದರೆ ಹಣ ಅಲ್ಲಿ ಉಳಿಯಬಾರದು ಎಂದೇ ತಾನೆ ಅರ್ಥ? ಬ್ಯಾಂಕು ಅಡಮಾನವಿಲ್ಲದೆ ಕೊಡದ ಸಾಲವನ್ನು, ಕೇಳದೆಯೇ, ಅಡಮಾನವಿಲ್ಲದೆಯೇ ಪ್ರಯಾಣಿಕನಿಂದ ಪಡೆಯುವುದು ಯಾವ ತುರ್ತಿನಲ್ಲೂ ಸರಿಯಲ್ಲ. ತಡವಾದ ಹಣ ಮಧ್ಯದಲ್ಲಿ ಎಲ್ಲೆಲ್ಲಿ ಇಂಗುತ್ತದೆ ಎಂಬುದೂ ಆಮೇಲೆ ಗೊತ್ತಾಯಿತು. ಒಂದೇ ಒಂದು ಆನ್‌ಲೈನ್ ಟಿಕೆಟ್ ಸಂಸ್ಥೆಯ ಬಳಿ 2021ರಲ್ಲಿ ಸುಮಾರು ₹26 ಕೋಟಿ ಕೋವಿಡ್ ಕಾಲದ ಮರುಪಾವತಿ ಬಾಕಿಯಿತ್ತು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಬೆನ್ನುಹತ್ತಿದ ಮೇಲೂ 2024ರ ಜೂನ್‌ನಲ್ಲಿ ಇನ್ನೂ ಎರಡೂವರೆ ಕೋಟಿ ರೂಪಾಯಿ ಪ್ರಯಾಣಿಕರ ಕೈ ಸೇರಿರಲಿಲ್ಲ. ಮುಂದಿನ ಸಾಂಕ್ರಾಮಿಕ ಬರುವ ಮೊದಲು ವಿಮಾನಯಾನ ಸಚಿವಾಲಯ ಮಾಡಬೇಕಾದ ಕೆಲಸ ಒಂದೇ: ಸರ್ಕಾರದ ಆದೇಶದಿಂದ ನಿಂತ ಪ್ರಯಾಣದ ಹಣ, ಯಾರೂ ಅರ್ಜಿ ಹಾಕದೆಯೇ, ನಿಗದಿತ ದಿನಗಳೊಳಗೆ, ಬಂದ ಖಾತೆಗೇ ಹಿಂದಿರುಗಬೇಕೆಂದು ನಿಯಮ ಬರೆದು, ಮೀರಿದವರಿಗೆ ದಂಡ ಇಡಬೇಕು.