ದೃಷ್ಟಿಮಣಿ ಸರ

ದೃಷ್ಟಿಮಣಿ ಸರವು ಹಸುಗೂಸುಗಳ ಮಣಿಕಟ್ಟಿಗೆ ಕಟ್ಟುವ, ಕರಿಮಣಿಗಳನ್ನು ದಾರದಲ್ಲಿ ಪೋಣಿಸಿ ಮಾಡಿದ ಕೈಸರ. ಮಗುವಿಗೆ ಕೆಟ್ಟ ದೃಷ್ಟಿ ತಾಗಬಾರದೆಂಬ ನಂಬಿಕೆಯಿಂದ ಇದನ್ನು ತೊಡಿಸುತ್ತಾರೆ. ಗದಗ ಜಿಲ್ಲೆಯ ಗಜೇಂದ್ರಗಡ, ರೋಣ, ನರಗುಂದ ಭಾಗಗಳೂ ಸೇರಿದಂತೆ ಕರ್ನಾಟಕದಾದ್ಯಂತ ಈ ರೂಢಿಯಿದೆ. ಅಂಗಡಿಗಳಲ್ಲಿ ಸಿದ್ಧ ಸರಗಳು ದೊರೆಯುತ್ತವೆಯಾದರೂ ಮನೆಯ ಹಿರಿಯ ಹೆಂಗಸರು ತಾವೇ ಪೋಣಿಸುವ ವಾಡಿಕೆ ಇನ್ನೂ ಉಳಿದಿದೆ.

ಹಿನ್ನೆಲೆ

ಕೆಟ್ಟ ದೃಷ್ಟಿಗೆ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ನೆದರು’ ಎನ್ನುತ್ತಾರೆ. ಕಪ್ಪು ಬಣ್ಣವು ನೋಡುವವರ ಕಣ್ಣನ್ನು ಮಗುವಿನ ಮುಖದಿಂದ ತನ್ನತ್ತ ಸೆಳೆದುಕೊಳ್ಳುತ್ತದೆ ಎಂಬುದು ನಂಬಿಕೆ. ಕೆನ್ನೆಗೆ ಇಡುವ ಕಾಡಿಗೆಯ ಬೊಟ್ಟು, ಸೊಂಟಕ್ಕೆ ಕಟ್ಟುವ ಕರಿಯ ಉಡಿದಾರ ಇವೂ ಇದೇ ಬಗೆಯವು. ಮಗುವನ್ನು ತೊಟ್ಟಿಲಿಗೆ ಹಾಕಿ, ಸೋದರತ್ತೆ ಹೆಸರಿಡುವ ಸಮಾರಂಭದ ಹೊತ್ತಿಗೆ ತವರುಮನೆಯವರು ಇತರ ಆಭರಣಗಳೊಡನೆ ಕೈಸರವನ್ನೂ ತರುವುದುಂಟು.

ಸಾಮಗ್ರಿ

ಕಪ್ಪು ಗಾಜಿನ ಮಣಿಗಳು ಸರದ ಮುಖ್ಯ ಭಾಗ. ಅವುಗಳ ನಡುವೆ ಬಿಳಿಯ ಮಣಿ, ಬೆಳ್ಳಿ ಅಥವಾ ಬಂಗಾರದ ಗುಂಡು, ಚಿಕ್ಕ ಗೆಜ್ಜೆ, ದೇವರ ಮುದ್ರೆಯ ಪದಕ ಮುಂತಾದವನ್ನು ಸೇರಿಸುತ್ತಾರೆ. ಬೆಳ್ಳಿ–ಬಂಗಾರದ ಗುಂಡುಗಳನ್ನು ಪತ್ತಾರರಲ್ಲಿ ಮಾಡಿಸಲಾಗುತ್ತದೆ. ಕೆಲವೆಡೆ ಒಣಗಿದ ಬಜೆ ಬೇರಿನ ತುಂಡುಗಳಿಗೆ ರಂಧ್ರ ಕೊರೆದು ಮಣಿಯಂತೆ ಪೋಣಿಸುವುದೂ ಉಂಟು. ದಾರವು ಹುರಿಹಾಕಿದ ಹತ್ತಿ, ರೇಷ್ಮೆ ಇಲ್ಲವೇ ನೈಲಾನಿನದಾಗಿರುತ್ತದೆ.

ಪೋಣಿಸುವ ಕ್ರಮ

ಮೊದಲು ಮಗುವಿನ ಮಣಿಕಟ್ಟಿಗೆ ದಾರವನ್ನು ಸುತ್ತಿ ಅಳತೆ ತೆಗೆದುಕೊಳ್ಳುತ್ತಾರೆ. ಸರದ ಒಳಗೆ ದೊಡ್ಡವರ ಕಿರುಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಬಿಡಲಾಗುತ್ತದೆ. ಗಂಟಿಗೆ ಬೇಕಾಗುವುದರಿಂದ ದಾರವನ್ನು ಅಳತೆಗಿಂತ ಸಾಕಷ್ಟು ಉದ್ದವಾಗಿ ಕತ್ತರಿಸಿ, ಎರಡು ಎಳೆ ಮಾಡಿ ಸೂಜಿಗೆ ಏರಿಸುತ್ತಾರೆ. ಹತ್ತಿ ದಾರಕ್ಕೆ ಮೇಣ ಸವರಿದರೆ ಎಳೆಗಳು ಬಿಚ್ಚಿಕೊಳ್ಳುವುದಿಲ್ಲ. ಮಣಿಯೂ ಸುಲಭವಾಗಿ ಜಾರುತ್ತದೆ. ರಂಧ್ರದ ಅಂಚು ಒಡೆದ ಗಾಜಿನ ಮಣಿ ದಾರವನ್ನು ಕೊಯ್ಯುವುದರಿಂದ ಅಂಥವನ್ನು ಆರಿಸಿ ತೆಗೆಯಬೇಕಾಗುತ್ತದೆ.

ಪದಕ ಅಥವಾ ಗುಂಡು ನಡುವೆ ಬರುವಂತೆ ಎರಡೂ ಬದಿಗೆ ಸಮಸಂಖ್ಯೆಯ ಮಣಿಗಳನ್ನು ಪೋಣಿಸುತ್ತಾರೆ. ಒಂದೆರಡು ಮಣಿಗೊಮ್ಮೆ ಗಂಟು ಹಾಕಿದರೆ ದಾರ ಹರಿದರೂ ಎಲ್ಲ ಮಣಿಗಳು ಒಮ್ಮೆಗೇ ಚೆಲ್ಲುವುದಿಲ್ಲ. ತುದಿಗಳಿಗೆ ಜಾರುಗಂಟು ಹಾಕಿದರೆ ಮಗು ಬೆಳೆದಂತೆ ಸರವನ್ನು ಹಿಗ್ಗಿಸಬಹುದು. ಕೊನೆಗೆ ಸರವನ್ನು ಬಲವಾಗಿ ಎಳೆದು ಪರೀಕ್ಷಿಸಲಾಗುತ್ತದೆ.

ಸುರಕ್ಷತೆ

ಮೂರು–ನಾಲ್ಕು ತಿಂಗಳ ಹೊತ್ತಿಗೆ ಶಿಶುಗಳು ಕೈಯನ್ನು ಬಾಯಿಗೆ ಒಯ್ಯುವುದನ್ನು ಕಲಿಯುತ್ತವೆ. ಆಗ ಕಾಪಿಗೆಂದು ಕಟ್ಟಿದ ಸರವೇ ಅಪಾಯವಾಗಬಹುದು. ದಾರ ಹರಿದರೆ ಬಿಡಿ ಮಣಿಗಳು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುತ್ತವೆ. ಅಮೆರಿಕದಲ್ಲಿ 3 ವರ್ಷದೊಳಗಿನ ಮಕ್ಕಳ ವಸ್ತುಗಳನ್ನು 31.7 ಮಿ.ಮೀ. ವ್ಯಾಸದ ಕೊಳವೆಯಲ್ಲಿ ಹಾಕಿ ಪರೀಕ್ಷಿಸುತ್ತಾರೆ. ಅದರೊಳಗೆ ಪೂರ್ತಿ ಹಿಡಿಸುವ ಬಿಡಿಭಾಗವನ್ನು ಅಪಾಯಕಾರಿ ಎಂದು ಎಣಿಸಲಾಗುತ್ತದೆ. ಕೈಸರದ ಯಾವ ಮಣಿಯೂ ಈ ಅಳತೆಗಿಂತ ಬಹಳ ಚಿಕ್ಕದು. ಭಾರತದಲ್ಲಿ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ; ಮನೆಯಲ್ಲಿ ಪೋಣಿಸಿದ ಸರ ಅಂಥ ಯಾವ ಪರೀಕ್ಷೆಗೂ ಒಳಪಡುವುದಿಲ್ಲ.

ಎರಡನೆಯ ಅಪಾಯ ಲೋಹದ್ದು. ಅಗ್ಗದ ಮಿಶ್ರಲೋಹದ ಪದಕಗಳಲ್ಲಿ ಸೀಸ ಇರಬಹುದು. 2006ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಕೈಸರದ ಹೃದಯಾಕಾರದ ಪದಕವನ್ನು ನುಂಗಿದ 4 ವರ್ಷದ ಬಾಲಕನೊಬ್ಬ ಸೀಸದ ವಿಷದಿಂದ ಮೃತಪಟ್ಟನು. ಆ ಪದಕದಲ್ಲಿ ಶೇ 99.1ರಷ್ಟು ಸೀಸವಿತ್ತು.

ಬಜೆಯೂ ಎಚ್ಚರಿಕೆ ಬೇಡುವ ವಸ್ತು. ಇದರಲ್ಲಿರುವ ಬೀಟಾ-ಅಸರೋನ್ ಎಂಬ ರಾಸಾಯನಿಕವು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕ್ಯಾನ್ಸರ್‌ಕಾರಕವೆಂದು ಕಂಡುಬಂದ ಕಾರಣ, ಅಮೆರಿಕವು 1968ರಲ್ಲಿ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಕೈಗೆ ಕಟ್ಟಿದ ಬಜೆಯನ್ನು ಮಗು ಚೀಪುತ್ತಲೇ ಇರುತ್ತದೆ.

ಸರ ತೊಡಿಸುವವರು ಅದನ್ನು ದೊಡ್ಡವರ ಕಣ್ಣೆದುರಿನಲ್ಲಿ ಮಾತ್ರ ಕಟ್ಟಿ, ಮಲಗಿಸುವಾಗ ಬಿಚ್ಚಿಡುವುದು ಸುರಕ್ಷಿತ. ದಾರದ ಸವೆತವನ್ನೂ ಮಣಿಕಟ್ಟಿನ ಬಾವನ್ನೂ ದಿನವೂ ಗಮನಿಸಬೇಕಾಗುತ್ತದೆ. ಮಣಿ ಸಿಕ್ಕಿಕೊಂಡು ಮಗುವಿಗೆ ಉಸಿರಾಡಲು ಆಗದಿದ್ದರೆ ಕಾಣದ ವಸ್ತುವಿಗಾಗಿ ಗಂಟಲಲ್ಲಿ ಬೆರಳಾಡಿಸಬಾರದು. ವರ್ಷದೊಳಗಿನ ಮಗುವಾದರೆ ತಲೆ ಕೆಳಗಾಗುವಂತೆ ಮುಂಗೈ ಮೇಲೆ ಬೋರಲಾಗಿ ಮಲಗಿಸಿ ಬೆನ್ನಿಗೆ 5 ಬಾರಿ ತಟ್ಟುವುದು, ಬಳಿಕ ಅಂಗಾತ ತಿರುಗಿಸಿ ಎದೆಯ ನಡುವೆ 5 ಬಾರಿ ಒತ್ತುವುದು ಪ್ರಥಮ ಚಿಕಿತ್ಸೆಯ ಕ್ರಮ. ಜೊತೆಗೇ 108ಕ್ಕೆ ಕರೆ ಮಾಡಬೇಕು.

ಕಾನೂನು

ಮಕ್ಕಳಿಗೆ ಅಂಜಿಕೆಯಾಗಬಾರದೆಂದು ಹುಲಿಯುಗುರಿನ ಪದಕ ಕಟ್ಟುವ ಪದ್ಧತಿಯೂ ಹಿಂದೆ ಇತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ನಿಜವಾದ ಹುಲಿಯುಗುರನ್ನು ಧರಿಸುವುದು ಅಪರಾಧ. 2023ರ ಅಕ್ಟೋಬರ್‌ನಲ್ಲಿ ಕನ್ನಡದ ರಿಯಾಲಿಟಿ ಕಾರ್ಯಕ್ರಮವೊಂದರ ಸ್ಪರ್ಧಿಯನ್ನು ಇದೇ ಕಾರಣಕ್ಕೆ ಅರಣ್ಯ ಇಲಾಖೆ ಬಂಧಿಸಿತ್ತು.

ಇತರ ನಾಡುಗಳಲ್ಲಿ

ಟರ್ಕಿಯಲ್ಲಿ ಕಣ್ಣಿನ ಆಕಾರದ ನೀಲಿ ಗಾಜಿನ ಮಣಿಯನ್ನೂ, ಸ್ಪ್ಯಾನಿಷ್ ಭಾಷಿಕ ಲ್ಯಾಟಿನ್ ಅಮೆರಿಕದ ಹಲವೆಡೆ ‘ಅಸಾಬಾಚೆ’ ಎಂಬ ಕಪ್ಪು ಹರಳಿನ ಕೈಸರವನ್ನೂ ಇದೇ ಉದ್ದೇಶಕ್ಕೆ ಮಕ್ಕಳಿಗೆ ತೊಡಿಸುತ್ತಾರೆ.

ಇವನ್ನೂ ನೋಡಿ

ಉಡಿದಾರ
ಕರಿಮಣಿ
ಬಜೆ
ನಾಮಕರಣ